ಜಗಳವಿಲ್ಲದ ನಾಲ್ಕು ಮನೆ: ಕಿಶೋತೆಂಕೆತ್ಸು ನನ್ನ ಕೈಗೆ ಕೂತಿದ್ದು

ಸಂಘರ್ಷವೇ ಇಲ್ಲದ ಕಥೆ ಯಾರು ಓದುತ್ತಾರೆ ಎಂದವರೇ ಈಗ ನಾಲ್ಕು ಮನೆಯ (ನಾಲ್ಕು ಚೌಕದ) ಚಿತ್ರಪಟ್ಟಿ, ಅಂದರೆ ಕಾಮಿಕ್ ಸ್ಟ್ರಿಪ್, ಕೇಳಿ ಬರೆಸಿಕೊಳ್ಳುತ್ತಿದ್ದಾರೆ. ಕಿಶೋತೆಂಕೆತ್ಸು ಅಂದರೆ ಜಪಾನಿನಲ್ಲಿ ಬಳಸುವ, ಕಥೆ ಕಟ್ಟುವ ನಾಲ್ಕು ಹೆಜ್ಜೆಯ ಕ್ರಮ: ಕಿ ಆರಂಭ, ಶೋ ಬೆಳವಣಿಗೆ, ತೆನ್ ತಿರುವು, ಕೆತ್ಸು ಎಲ್ಲವನ್ನೂ ಕೂಡಿಸುವ ಮುಕ್ತಾಯ. ನೇರ ಕೆಲಸಕ್ಕೆ ಬರುತ್ತೇನೆ.

ಕೆಡುವುದು ಹೆಚ್ಚಾಗಿ ತೆನ್‌ನಲ್ಲಿ. ಮೂರನೇ ಮನೆ ಬಂದ ಕೂಡಲೇ ನಮ್ಮ ಕೈ ಖಳನನ್ನೋ ಅಪಘಾತವನ್ನೋ ತರುತ್ತದೆ. ತೆನ್ ಹಿಂದಿನ ಎರಡು ಮನೆಗಳಿಂದ ಹುಟ್ಟಬಾರದು, ಪಕ್ಕದಿಂದ ಬರಬೇಕು. ಜಪಾನಿನಲ್ಲಿ ಇದನ್ನು ಕಲಿಸಲು ಬಳಸುವ, ಹಳೆಯ ಕವಿ ರಾಯ್ ಸಾನ್‌ಯೋ ಹೆಸರಲ್ಲಿ ಓಡಾಡುವ ಪದ್ಯ ನೋಡಿ: ನೂಲಿನಂಗಡಿಯ ಹೆಣ್ಣುಮಕ್ಕಳು, ಅವರ ವಯಸ್ಸು, ಸಾಮಂತರು ಬಿಲ್ಲುಬಾಣದಿಂದ ಕೊಲ್ಲುತ್ತಾರೆ, ಈ ಹುಡುಗಿಯರು ಕಣ್ಣಿನಿಂದ ಕೊಲ್ಲುತ್ತಾರೆ. ಅಂಗಡಿಗೂ ಬಿಲ್ಲಿಗೂ ಗಂಟು ಹಾಕುವ ಹೊಣೆ ಪೂರ್ತಿ ಕೊನೆಯ ಸಾಲಿನದು.

ನನ್ನ ಗೆದ್ದ ಪಟ್ಟಿ ಹೀಗಿದೆ. ಕಿ: ಜೂನ್ ತಿಂಗಳು, ದರ್ಜಿ ಶಾಲೆಯ ನೀಲಿ ಚಡ್ಡಿ ಹೊಲಿಯುತ್ತಿದ್ದಾನೆ. ಶೋ: ಅಂಚಿನಲ್ಲಿ ಎರಡಿಂಚು ಬಟ್ಟೆ ಒಳಗೆ ಮಡಚುತ್ತಾನೆ. ತೆನ್: ಯಾರದೋ ವಾಸದ ಮನೆಯ ಗೋಡೆ, ಹುಡುಗನ ಎತ್ತರ ಗುರುತಿಸಿದ, ಒಂದರ ಮೇಲೊಂದು ಪೆನ್ಸಿಲ್ ಗೀಟು. ದರ್ಜಿ ಇಲ್ಲ, ಹುಡುಗನೂ ಇಲ್ಲ. ಕೆತ್ಸು: ದರ್ಜಿ ಅದೇ ಚಡ್ಡಿಯ ಅಂಚು ಬಿಚ್ಚುತ್ತಾನೆ, ಮಾಸಿದ ಬಟ್ಟೆಯ ಕೆಳಗೆ ಮಾಸದ ಗಾಢ ನೀಲಿ ಪಟ್ಟಿ. ಮಾತು ಒಂದೂ ಇಲ್ಲ.

ಪರೀಕ್ಷೆ ಇಷ್ಟೇ: ಮೂರನೇ ಮನೆಯನ್ನು ಅಂಗೈಯಿಂದ ಮುಚ್ಚಿ. ನಾಲ್ಕನೆಯದು ಬರೀ ಹೊಲಿಗೆ ಕೆಲಸವಾಗಿ ಕಂಡರೆ ತೆನ್ ಜೀವಂತ. ಮುಚ್ಚಿದರೂ ಅಷ್ಟೇ ರುಚಿ ಇದ್ದರೆ ಹರಿದು ಹಾಕಿ. ಇದನ್ನು ಪೆನ್ಸಿಲ್ ಕರಡಿನಲ್ಲೇ ಮಾಡಿ. ಕಲಾವಿದರಿಗೆ ಪಟ್ಟಿಗೆ ಹೆಚ್ಚುಕಡಿಮೆ 1,500 ರೂಪಾಯಿ ಹೋಗುತ್ತಿತ್ತು, ಶಾಯಿ ಬಿದ್ದ ಮೇಲೆ ತಿದ್ದಿಸಿದರೆ ಅದರ ಅರ್ಧ ಮತ್ತೆ. ಪಟ್ಟಿಯೊಂದಕ್ಕೆ ನನಗೆ ಬರುತ್ತಿದ್ದದ್ದು ಎರಡು ಸಾವಿರದ ಆಸುಪಾಸು. ಲೆಕ್ಕ ನೀವೇ ಹಾಕಿ.

ಗದ್ಯಕ್ಕೆ ಅಳತೆ ಬೇರೆ. 1,200 ಪದದ ಕಥೆಗೆ ಕಿ 200, ಶೋ 500, ತೆನ್ 300, ಉಳಿದದ್ದು ಕೆತ್ಸು. ಶೋ ತೆಳುವಾದರೆ ತಿರುವು ಎಲ್ಲಿಂದ ತಿರುಗಿತೆಂದೇ ಓದುಗರಿಗೆ ತಿಳಿಯದು. ಕೆತ್ಸುವಿನಲ್ಲಿ "ಆಗ ಅವನಿಗೆ ಅರ್ಥವಾಯಿತು" ಬಂದರೆ ಕಥೆ ಅಲ್ಲೇ ಸತ್ತಿತು. ನಾನು ಆ ವಾಕ್ಯವನ್ನು ಕಣ್ಣುಮುಚ್ಚಿ ಹೊಡೆದುಹಾಕುತ್ತೇನೆ.

ನಡುವೆ ಜಪಾನಿನ ನೋ ನಾಟಕದ ಜೋ-ಹಾ-ಕ್ಯೂ (ನಿಧಾನ ಆರಂಭ, ಬೆಳವಣಿಗೆ, ವೇಗದ ಮುಕ್ತಾಯ) ಬೆರೆಸಿಯೂ ನೋಡಿದೆ. ಬೆರೆಯಲಿಲ್ಲ: ಅದು ವೇಗದ ಏರಿಕೆ, ಇದು ಜೋಡಣೆ. ವಿಡಿಯೋ ಗೇಮ್ ಕಂಪನಿ ನಿಂಟೆಂಡೊದ ಆಟ ವಿನ್ಯಾಸಕ ಕೊಯಿಚಿ ಹಯಾಶಿದಾ ಮಾರಿಯೋ ಆಟದ ಹಂತಗಳಿಗೆ ಇದೇ ನಾಲ್ಕು ಹೆಜ್ಜೆ ಬಳಸಿದ್ದನ್ನು ನೋಡಿ ಮಕ್ಕಳ ಒಗಟಿನ ಪುಟಕ್ಕೂ ಹಾಕಿದೆ: ಕಲಿಸು, ಬೆಳೆಸು, ತಿರುಗಿಸು, ಎಲ್ಲ ಬಳಸಿ ಬಿಡಿಸಲಿ. ಚೆನ್ನಾಗಿಯೇ ನಡೆಯಿತು.

ತೆನ್‌ಗೆ ವಸ್ತು ಹುಡುಕಲು ನನ್ನದೊಂದು ಪಟ್ಟಿಯಿದೆ, ಅದು ನನ್ನಲ್ಲೇ ಇರಲಿ. ಒಂದು ಸುಳಿವು ಕೊಡುತ್ತೇನೆ: ಶೋದಲ್ಲಿರುವ ವಸ್ತುವನ್ನಲ್ಲ, ಅದರ ಅಳತೆಯನ್ನು ಹಿಡಿದು ಹೊರಡಿ.