ಅಕ್ಷರ ದಪ್ಪ ಬೇಕು ಅಂದ ಗಿರಾಕಿ: ತ್ರೀಡಿ ಸಾಫ್ಟ್‌ವೇರ್ ಆರಿಸಿ ಕಲಿಯುವುದು ಹೇಗೆ?

ಬಳ್ಳಾರಿಯಲ್ಲಿ ಮೋಷನ್ ಗ್ರಾಫಿಕ್ಸ್ (ಅಕ್ಷರ, ಚಿತ್ರ ಓಡಾಡುವ ವಿಡಿಯೊ) ಮಾಡುವವರಿಗೆ ಬರುವ ಕೆಲಸ ಗೊತ್ತಿರುವಂಥದ್ದೇ. ಜೀನ್ಸ್ ಅಂಗಡಿಯ ಜಾಹೀರಾತು, ಮದುವೆ ಕರೆಯೋಲೆಯ ವಿಡಿಯೊ, ಜಾತ್ರೆಯ ಎಲ್‌ಇಡಿ ಪರದೆ, ಚುನಾವಣೆ ಬಂದರೆ ಪ್ರಚಾರ. ಇದಕ್ಕೆಲ್ಲ ಬಳಸುವ ಆಫ್ಟರ್ ಎಫೆಕ್ಟ್ಸ್ ಸಾಫ್ಟ್‌ವೇರ್ ಬಂದರೆ ಹೊಟ್ಟೆಪಾಡಿಗೆ ತೊಂದರೆಯಿಲ್ಲ. ಆದರೆ ಒಂದು ದಿನ ಗಿರಾಕಿ ಬಂದು, ‘ಅಕ್ಷರ ದಪ್ಪ ಕಾಣ್ಬೇಕ್ರಿ, ಪ್ಯಾಂಟಿನ ಸುತ್ತ ಕ್ಯಾಮೆರಾ ತಿರುಗ್ಬೇಕು’ ಅಂತಾನೆ. ನಾನು ತ್ರೀಡಿಗೆ ಇಳಿದಿದ್ದು ಹಾಗೇ. ಆಸೆಯಿಂದಲ್ಲ, ಆರ್ಡರ್ ಕೈತಪ್ಪಬಾರದು ಅಂತ.

ಮೊದಲು ಹಳೆ ಆರ್ಡರ್ ತೆಗೆದು ನೋಡಿ

‘ಯಾವ ಸಾಫ್ಟ್‌ವೇರ್ ಒಳ್ಳೇದು’ ಅಂತ ಕೇಳುವ ಮುಂಚೆ, ಹೋದ ಆರು ತಿಂಗಳಲ್ಲಿ ನೀವು ಏನೇನು ಮಾಡಿದ್ದೀರಿ ಅಂತ ಬರೆದುಕೊಳ್ಳಿ. ನಡೆದಾಡುವ, ಮಾತಾಡುವ ಪಾತ್ರಗಳೇ ಜಾಸ್ತಿಯೆ? ಹಾಗಾದರೆ ಮಾಯಾ ಅನ್ನುವ ಸಾಫ್ಟ್‌ವೇರ್ ಕಡೆ ನೋಡಬಹುದು. ದೊಡ್ಡ ಸಿನಿಮಾ ಸ್ಟುಡಿಯೊಗಳು ಪಾತ್ರಗಳಿಗೆ ಅದನ್ನೇ ನೆಚ್ಚಿಕೊಂಡಿವೆ. ಸಂಡೂರಿನ ಲಾರಿ ಹಿಂದೆ ಏಳುವ ಕೆಂಪು ಧೂಳು, ಹೊಗೆ, ನೀರು ಇಂಥದ್ದಕ್ಕೆ ಹೂಡಿನಿ ಸಾಫ್ಟ್‌ವೇರಿಗೆ ಸಾಟಿ ಇಲ್ಲ. ಕಲಿಯುವವರಿಗೆ ಅದರ ಅಪ್ರೆಂಟಿಸ್ ಆವೃತ್ತಿ ಪುಕ್ಕಟೆ ಸಿಗುತ್ತದೆ, ಆದರೆ ಅದರಲ್ಲಿ ದುಡ್ಡಿನ ಕೆಲಸ ಮಾಡುವಂತಿಲ್ಲ. ಮೊದಲ ಸಾಫ್ಟ್‌ವೇರಾಗಿ ಇವೆರಡನ್ನೂ ನಾನು ಯಾರಿಗೂ ಹೇಳುವುದಿಲ್ಲ.

ನಮ್ಮ ಪಟ್ಟಿಯಲ್ಲಿ ಇರೋದು ಹೆಸರು, ಲೋಗೊ, ಡಬ್ಬಿ, ಬಾಟಲಿ. ಅದಕ್ಕೆ ಇಬ್ಬರೇ ಹುರಿಯಾಳುಗಳು: ಸಿನೆಮಾ ಫೋರ್‌ಡಿ ಮತ್ತು ಬ್ಲೆಂಡರ್.

ಸಿನೆಮಾ ಫೋರ್‌ಡಿ ಜರ್ಮನಿಯ ಮ್ಯಾಕ್ಸನ್ ಕಂಪನಿಯದು. 2006ರಲ್ಲಿ ಅದಕ್ಕೆ ಮೋಗ್ರಾಫ್ ಅನ್ನುವ ಸಲಕರಣೆಗಳ ಗುಂಪು ಸೇರಿತು. ಒಂದು ವಸ್ತುವನ್ನು ಕ್ಲೋನರ್‌ಗೆ ಹಾಕಿದರೆ ನೂರಾಗುತ್ತದೆ, ಎಫೆಕ್ಟರ್ ಹಾಕಿದರೆ ಆ ನೂರೂ ಅಲೆಯಂತೆ ಏಳುತ್ತವೆ. ನಮ್ಮಂಥವರಿಗೆಂದೇ ಮಾಡಿದ ಹಾಗಿದೆ. ಬೆಂಗಳೂರಿನ ಸ್ಟುಡಿಯೊಗೆ ಸೇರುವ ಯೋಚನೆ ಇದ್ದರೆ ಇದು ಗೊತ್ತಿರುವುದು ಒಳ್ಳೆಯದು. ಆದರೆ ಚಂದಾ ಡಾಲರ್ ಲೆಕ್ಕದ್ದು. ಕೊಡುವ ಮುಂಚೆ ಇದರ ಲೈಟ್ ಆವೃತ್ತಿ ನೋಡಿ. 2013ರಿಂದ ಅದು ಆಫ್ಟರ್ ಎಫೆಕ್ಟ್ಸ್ ಜೊತೆಗೇ ಬರುತ್ತಿದೆ. ಎಷ್ಟೋ ಜನ ವರ್ಷಗಟ್ಟಲೆ ಆಫ್ಟರ್ ಎಫೆಕ್ಟ್ಸ್ ಚಂದಾ ಕಟ್ಟಿಯೂ ಲೈಟ್ ತೆರೆದೇ ಇಲ್ಲ.

ಬ್ಲೆಂಡರ್ ಪೂರ್ತಿ ಪುಕ್ಕಟೆ. ಅದರಲ್ಲಿ ಮಾಡಿದ ಕೆಲಸ ಮಾರಿಕೊಳ್ಳಲು ಯಾರನ್ನೂ ಕೇಳಬೇಕಿಲ್ಲ. 2002ರಲ್ಲಿ ಅದನ್ನು ಬಳಸುವ ಜನರೇ ಏಳು ವಾರದಲ್ಲಿ 1 ಲಕ್ಷ ಯೂರೊ ಕೂಡಿಸಿ, ಹೂಡಿಕೆದಾರರ ಕೈಯಿಂದ ಅದರ ಕೋಡ್ ಬಿಡಿಸಿಕೊಂಡರು. ಪುಕ್ಕಟೆ ಅಂದರೆ ಕಳಪೆ ಅಂದುಕೊಳ್ಳುವ ಗಿರಾಕಿಗೆ ಒಂದು ಮಾತು ಹೇಳಿ: 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ಅನಿಮೇಷನ್ ಚಿತ್ರ ಬ್ಲೆಂಡರ್‌ನಲ್ಲಿ ಮಾಡಿದ್ದು. ನಾನು ಆರಿಸಿದ್ದೂ ಇದನ್ನೇ.

ನಿಮ್ಮ ಮಷೀನು ಏನನ್ನುತ್ತದೆ?

8 ಜಿಬಿ ರ‍್ಯಾಮ್ ಇದ್ದರೆ ಶುರು ಮಾಡಬಹುದು, 16 ಇದ್ದರೆ ನೆಮ್ಮದಿ. ಬ್ಲೆಂಡರ್‌ನಲ್ಲಿ ಮುಖ್ಯವಾಗಿ ಎರಡು ರೆಂಡರ್ ಎಂಜಿನ್ ಇವೆ. ರೆಂಡರ್ ಅಂದರೆ ತ್ರೀಡಿ ದೃಶ್ಯದಿಂದ ಕೊನೆಯ ಚಿತ್ರ ತೆಗೆಯುವುದು. ಸೈಕಲ್ಸ್ ಬೆಳಕಿನ ಕಿರಣ ಹೇಗೆ ಓಡುತ್ತದೋ ಹಾಗೆ ಲೆಕ್ಕ ಹಾಕುತ್ತದೆ. ಚಂದ, ಆದರೆ ನಿಧಾನ. ಈವಿ ಗೇಮ್‌ಗಳ ಥರ ಸರಸರ ಮುಗಿಸುತ್ತದೆ. ಹತ್ತು ಸೆಕೆಂಡಿನ ಜಾಹೀರಾತು ಅಂದರೆ ಸೆಕೆಂಡಿಗೆ 25ರಂತೆ 250 ಫ್ರೇಮು, ಅಂದರೆ ಬಿಡಿ ಚಿತ್ರ. ಒಂದಕ್ಕೆ ಎರಡು ನಿಮಿಷ ಹಿಡಿದರೂ ಎಂಟು ಗಂಟೆ ಇಪ್ಪತ್ತು ನಿಮಿಷ. ಹಳೆ ಲ್ಯಾಪ್‌ಟಾಪ್ ಇದ್ದವರು ಈವಿಯಲ್ಲೇ ಕಲಿಯಿರಿ. ಇನ್ನು ನಮ್ಮ ಏಪ್ರಿಲ್-ಮೇ ಬಿಸಿಲು ಗೊತ್ತಲ್ವಾ? ಮಷೀನು ಕಾದರೆ ವೇಗ ತಾನಾಗಿ ಇಳಿಯುತ್ತದೆ. ರೆಂಡರ್ ಏನಿದ್ದರೂ ರಾತ್ರಿಗೆ ಇಟ್ಟುಕೊಳ್ಳಿ.

‘ಬಳ್ಳಾರಿ’ ಅಂತ ಬರೆದು ನೋಡಿ

ಬ್ಲೆಂಡರ್ ಕಲಿಯುವವರು ಮೊದಲು ಡೋನಟ್ ಮಾಡುವುದು ರೂಢಿ. ನಾನು ಅದರ ಬದಲು ಮಿರ್ಚಿ ಬಜ್ಜಿ ಮಾಡಿದೆ. ಮಂಡಕ್ಕಿ ಒಗ್ಗರಣೆ ಪಕ್ಕದಲ್ಲಿ ಇಟ್ಟರೆ ನೋಡಿದವರಿಗೆ ಹಸಿವಾಗಬೇಕು ಅಂತ. ನೀವು ಏನನ್ನಾದರೂ ಮಾಡಿ, ಆದರೆ ಪೂರ್ತಿ ಮುಗಿಸಿ. ಅರ್ಧಂಬರ್ಧ ನೋಡಿದ ಹತ್ತು ಟ್ಯುಟೋರಿಯಲ್‌ಗಿಂತ ಮುಗಿಸಿದ ಒಂದು ಮಿರ್ಚಿ ಮೇಲು.

ಮೊದಲ ವಾರಕ್ಕೆ ನಾಲ್ಕು ಕೀ ಸಾಕು. ಜಿ ಒತ್ತಿದರೆ ವಸ್ತು ಸರಿಯುತ್ತದೆ, ಆರ್ ತಿರುಗಿಸುತ್ತದೆ, ಎಸ್ ಹಿಗ್ಗಿಸಿ ಕುಗ್ಗಿಸುತ್ತದೆ, ಐ ಕೀಫ್ರೇಮ್ (ಯಾವ ಹೊತ್ತಿಗೆ ವಸ್ತು ಎಲ್ಲಿರಬೇಕು ಅನ್ನುವ ಗುರುತು) ಹಾಕುತ್ತದೆ. ಕೀಫ್ರೇಮ್, ಗ್ರಾಫ್ ಎಡಿಟರ್ ನಿಮಗೆ ಹೊಸದಲ್ಲ. ಹೊಸದು ಬೆಳಕು. ದಪ್ಪದ ಅಕ್ಷರಕ್ಕೂ ಎದುರಿನಿಂದಲೇ ದೀಪ ಹಾಕಿದರೆ ಅದು ಫ್ಲೆಕ್ಸ್ ಬೋರ್ಡಿನ ಹಾಗೆ ಚಪ್ಪಟೆ ಕಾಣುತ್ತದೆ. ದೀಪವನ್ನು ಪಕ್ಕಕ್ಕೆ ಸರಿಸಿ, ಹಿಂದಿನಿಂದ ಇನ್ನೊಂದು ಹಾಕಿ. ಆಗ ಅಂಚು ಹೊಳೆಯುತ್ತದೆ.

ಈಗ ಕನ್ನಡದ ಪಜೀತಿ. ಬ್ಲೆಂಡರ್‌ನ ಟೆಕ್ಸ್ಟ್‌ನಲ್ಲಿ ನೇರವಾಗಿ ‘ಬಳ್ಳಾರಿ’ ಅಂತ ಅಂಟಿಸಿದಾಗ ನನಗೆ ಒತ್ತಕ್ಷರ ಒಡೆದುಹೋಗಿತ್ತು. ಳ ಒಂದು ಕಡೆ, ಒತ್ತು ಒಂದು ಕಡೆ, ಗುಣಿತ ಇನ್ನೊಂದು ಕಡೆ. ಇದಕ್ಕೆ ಸುತ್ತುದಾರಿ ಇದೆ. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಕೂಡ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಯೂನಿಕೋಡ್ ಫಾಂಟಿನಲ್ಲಿ ಹೆಸರು ಬರೆಯಿರಿ. ಪಾತ್ ಮೆನುವಿನಲ್ಲಿ ‘ಆಬ್ಜೆಕ್ಟ್ ಟು ಪಾತ್’ ಒತ್ತಿ, ಎಸ್‌ವಿಜಿಯಾಗಿ ಉಳಿಸಿ. ಬ್ಲೆಂಡರ್‌ಗೆ ಇಂಪೋರ್ಟ್ ಮಾಡಿ. ಏನೂ ಬರಲಿಲ್ಲ ಅನ್ನಿಸುತ್ತದೆ. ಬಂದಿರುತ್ತದೆ, ಇರುವೆಯಷ್ಟು ಚಿಕ್ಕದಾಗಿ. ಎಸ್ ಒತ್ತಿ ದೊಡ್ಡದು ಮಾಡಿ. ಆಮೇಲೆ ಎಕ್ಸ್‌ಟ್ರೂಡ್ ಕೊಟ್ಟರೆ ದಪ್ಪ, ಚೂರು ಬೆವೆಲ್ ಕೊಟ್ಟರೆ ಅಂಚು ನಯ. ‘ಳ್ಳಾ’ ಇಡಿಯಾಗಿ ಎದ್ದು ನಿಂತಿದ್ದನ್ನು ನೋಡಿ ನಾನು ಕುರ್ಚಿಯಿಂದಲೇ ಎದ್ದಿದ್ದೆ.

ಕರೆಂಟ್ ಹೋದರೆ

ಮೊದಲ ದುಡ್ಡಿನ ಕೆಲಸ ನೇರವಾಗಿ ಎಂಪಿ4ಗೆ ರೆಂಡರ್ ಹಾಕಿ ಮಲಗಿದ್ದೆ. ಬೆಳಗಿನ ಜಾವ ಕರೆಂಟ್ ಹೋಯಿತು. 250ರಲ್ಲಿ 230 ಫ್ರೇಮು ದಾಟಿತ್ತು, ಫೈಲು ಮಾತ್ರ ತೆರೆಯಲೇ ಇಲ್ಲ. ಅರ್ಧಕ್ಕೆ ನಿಂತ ವಿಡಿಯೊ ಫೈಲಿನ ಹಣೆಬರಹ ಸಾಮಾನ್ಯವಾಗಿ ಅಷ್ಟೇ. ಅವತ್ತಿನಿಂದ ಪಿಎನ್‌ಜಿ ಬಿಟ್ಟು ಬೇರೆ ಹಾಕಿಲ್ಲ. ಒಂದೊಂದು ಫ್ರೇಮೂ ಒಂದೊಂದು ಚಿತ್ರವಾಗಿ ಫೋಲ್ಡರಿಗೆ ಬೀಳುತ್ತದೆ. ಔಟ್‌ಪುಟ್‌ನಲ್ಲಿ ‘ಓವರ್‌ರೈಟ್’ ಟಿಕ್ ತೆಗೆದಿಡಿ. ಕರೆಂಟ್ ಬಂದ ಮೇಲೆ ಮತ್ತೆ ರೆಂಡರ್ ಒತ್ತಿದರೆ ಆಗಿರುವುದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಕೊನೆಯ ಚಿತ್ರ ಅರ್ಧ ಬರೆದು ನಿಂತಿರಬಹುದು, ಅದೊಂದನ್ನು ಮೊದಲೇ ಅಳಿಸಿ.

ಫಿಲ್ಮ್ ಸೆಟಿಂಗ್‌ನಲ್ಲಿ ‘ಟ್ರಾನ್ಸ್‌ಪರೆಂಟ್’ ಟಿಕ್ ಮಾಡಿ ರೆಂಡರ್ ಮಾಡಿದರೆ ಹಿನ್ನೆಲೆ ಖಾಲಿ ಬರುತ್ತದೆ. ಆ ಚಿತ್ರಗಳನ್ನು ಆಫ್ಟರ್ ಎಫೆಕ್ಟ್ಸ್‌ಗೆ ತಂದು ಹಿನ್ನೆಲೆ, ಬಣ್ಣ, ಸದ್ದು ಸೇರಿಸಿ. ಅಂಗಡಿಯ ಫೋನ್ ನಂಬರು, ವಿಳಾಸ, ‘50% ರಿಯಾಯಿತಿ’ ಇವನ್ನು ಮಾತ್ರ ಯಾವ ಕಾರಣಕ್ಕೂ ತ್ರೀಡಿಯಲ್ಲಿ ಮಾಡಬೇಡಿ. ಅವು ಆಫ್ಟರ್ ಎಫೆಕ್ಟ್ಸ್‌ನಲ್ಲೇ ಇರಲಿ. ವಿಡಿಯೊ ಕಳಿಸಿದ ಹತ್ತು ನಿಮಿಷಕ್ಕೆ ಗಿರಾಕಿಯ ಫೋನ್ ಬಂದೇ ಬರುತ್ತದೆ: ‘ನಂಬರ್ ಒಂದು ಚೇಂಜ್ ಮಾಡ್ರಿ’.