ಮಲೆನಾಡಲ್ಲಿ ಮನೆ ಕಟ್ಟೋರು ಮೊದ್ಲು ನೀರು ನೋಡಿ, ಎಲಿವೇಶನ್ ಆಮೇಲೆ

ಸಾಗರ, ತೀರ್ಥಹಳ್ಳಿ, ಶಿರಸಿ ಕಡೆ ಈಗ ಮನೆ ಕಟ್ಟೋರು ಮೊಬೈಲಲ್ಲಿ ಒಂದು ಫೋಟೊ ಹಿಡ್ಕೊಂಡೇ ಇಂಜಿನಿಯರ್ ಹತ್ರ ಹೋಗೋದು, ಡಬ್ಬಿ ಥರ ಚೌಕ ಮನೆ, ಫ್ಲಾಟ್ ಆರ್‌ಸಿಸಿ, ಮುಂದೆಲ್ಲ ಗಾಜು. ಎರಡು ಮಳೆಗಾಲ ಕಳೆಯೋದ್ರೊಳಗೆ ತಾರಸಿ ಸೋರೋಕೆ ಶುರುವಾಗಿ ಅದರ ಮೇಲೆ ಕಬ್ಬಿಣದ ಕಂಬ ನಿಲ್ಸಿ ನೀಲಿ ಶೀಟ್ ಹೊದಿಸ್ತಾರೆ, ಫೋಟೊದಲ್ಲಿದ್ದ ಮನೆ ಅಲ್ಲಿಗೆ ಮುಗೀತು. ಕಾಡು-ತೋಟದ ಮಧ್ಯೆ ಒಪ್ಪೋ ಥರ ಮನೆ ಬೇಕಂದ್ರೆ ಕೆಲಸ ಬೇರೆ ಕಡೆಯಿಂದ ಶುರು ಮಾಡ್ಬೇಕು.

1. ಜುಲೈನಲ್ಲಿ ಜಾಗ ನೋಡಿ

ಬೇಸಿಗೇಲಿ ಎಲ್ಲಾ ಸೈಟೂ ಚೆಂದವೇ. ಜೋರು ಮಳೇಲಿ ಕೊಡೆ ಹಿಡ್ಕೊಂಡು ನಿಂತು, ಗುಡ್ಡದ ನೀರು ಎಲ್ಲಿ ಇಳಿಯತ್ತೆ, ಎಲ್ಲಿ ಜಲ ಏಳತ್ತೆ (ನೆಲದೊಳಗಿಂದ ನೀರು ಒಸರತ್ತೆ), ಗಾಳಿ ಯಾವ ಕಡೆಯಿಂದ ಇರಚಲು (ಓರೆಯಾಗಿ ಬೀಳೋ ಮಳೆ) ಹೊಡಿಯತ್ತೆ ಅಂತ ನೋಡಿ ಗೂಟ ಹೊಡೀರಿ. ಜಲ ಏಳೋ ಜಾಗದಲ್ಲಿ ಬೆಡ್‌ರೂಮ್ ಬಂತು ಅಂದ್ರೆ ಯಾವ ವಾಟರ್‌ಪ್ರೂಫಿಂಗೂ ಕಾಯಲ್ಲ.

2. ಜೇಸಿಬಿ ಕರೆಯೋ ಮುಂಚೆ

ಇಳಿಜಾರನ್ನ ಅಗೆದು ದೊಡ್ಡ ಮಟ್ಟ ಮಾಡಿದ್ರೆ ಹಿಂದೆ ಹತ್ತು-ಹದಿನೈದು ಅಡಿ ಧರೆ, ಅಂದ್ರೆ ಕಡಿದ ಮಣ್ಣಿನ ಗೋಡೆ, ಎದ್ದು ನಿಲ್ಲತ್ತೆ, ಅದು ಯಾವತ್ತಾದ್ರೂ ಜರಿಯೋದೇ. 2018ರ ಆಗಸ್ಟಲ್ಲಿ ಕೊಡಗಲ್ಲಿ ಗುಡ್ಡಗಳು ಜರಿದಾಗ, ಮನೆಗೆ ರಸ್ತೆಗೆ ಅಂತ ಇಳಿಜಾರು ಕಡಿದಿದ್ದೂ ಒಂದು ಕಾರಣ ಅಂತ ಭೂವಿಜ್ಞಾನಿಗಳು ಹೇಳಿದ್ರು. ಹಾಗಾಗಿ ಮನೆ ಗುಡ್ಡಕ್ಕೆ ಅಡ್ಡಡ್ಡ ಉದ್ದ ಇರ್ಲಿ, ಗುಡ್ಡದ ಕಡೆಗೆ ಅಗಲ ಕಮ್ಮಿ ಇರ್ಲಿ, ಆಗ ಕಡಿಯೋ ಮಣ್ಣು ತುಂಬಾ ಕಮ್ಮಿ ಆಗತ್ತೆ, ಎಲ್ಲಾ ರೂಮಿಗೂ ಬೆಳಕೂ ಸಿಗತ್ತೆ. ಎತ್ತರ ತಗ್ಗು ಬಂದ್ರೆ ಗ್ಯಾರೇಜೋ ಆಫೀಸ್ ರೂಮೋ ಕೆಳಗಿಡಿ, ಅಡುಗೆಮನೆ ಬಚ್ಚಲು ಅಜ್ಜಿ ರೂಮು ಮೂರೂ ಒಂದೇ ಮಟ್ಟದಲ್ಲಿರ್ಲಿ.

3. ಮಾಡು ಮೊದ್ಲು, ಗೋಡೆ ಆಮೇಲೆ

ಇಲ್ಲಿ ಮನೆ ಅಂದ್ರೆ ಮಾಡೇ, ಅಂದ್ರೆ ಇಳಿಜಾರು ಛಾವಣಿನೇ. ಲೆಕ್ಕ ಹಾಕಿ: ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಲೀಟರ್ ನೀರು. 1500 ಚದರಡಿ ಮಾಡು ಸುಮಾರು 140 ಚದರ ಮೀಟರ್, ಒಂದು ದಿನ 100 ಮಿಲಿಮೀಟರ್ ಹೊಯ್ದ್ರೆ 14,000 ಲೀಟರ್. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಬೀಳತ್ತೆ, ನೀವೇ ಗುಣಿಸ್ಕೊಳ್ಳಿ. ಇಷ್ಟು ನೀರು ನಿಲ್ಲದೆ ಜಾರಿ ಹೋಗ್ಬೇಕಂದ್ರೆ ಸುಮಾರು 30 ಡಿಗ್ರಿ ಇಳಿಜಾರು ಬೇಕು, ಸೂರು (ಮಾಡಿನ ಅಂಚು) ಗೋಡೆಯಿಂದ ಮೂರಡಿನಾದ್ರೂ ಹೊರಗೆ ಚಾಚಿರ್ಬೇಕು. ಆದಷ್ಟು ಎರಡೇ ಇಳಿಜಾರಿನ ಸರಳ ಮಾಡು ಮಾಡಿ. ಚೆಂದಕ್ಕೆ ಅಂತ ನಾಲ್ಕೈದು ಕಡೆ ಮುರಿದ್ರೆ ಎರಡು ಇಳಿಜಾರು ಸೇರೋ ಮೂಲೇಲಿ ತರಗೆಲೆ ಕಟ್ಕೊಂಡು ಸೋರೋದು ಅಲ್ಲೇ.

ಮಂಗಳೂರು ಹೆಂಚು ಈಗ್ಲೂ ಒಳ್ಳೇದೇ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನೋರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಕಾರ್ಖಾನೆ ಹೆಂಚು ಇವತ್ತು ಸ್ಟೀಲ್ ಪೈಪಿನ ಟ್ರಸ್ (ಮಾಡಿನ ಚೌಕಟ್ಟು) ಮೇಲೂ ಚೆನ್ನಾಗಿ ಕೂರತ್ತೆ, ಕೆಳಗೊಂದು ಪದರ ಸೀಲಿಂಗ್ ಹೆಂಚು ಹಾಕಿದ್ರೆ ಸೆಕೆಯೂ ಕಮ್ಮಿ. ಕತ್ತಲು ಅನ್ಸೋ ಕಡೆ ಒಂದೆರಡು ಗಾಜಿನ ಹೆಂಚು ಹಾಕ್ಸಿ. ಮಂಗನ ಕಾಟ ಇದ್ದೇ ಇದೆ, ಮಾಡಿನ ಮೇಲೆ ಬಾಗಿರೋ ಕೊಂಬೆ ಸವರಿಸಿ, ನೂರಿನ್ನೂರು ಹೆಂಚು ಜಾಸ್ತಿನೇ ತಂದಿಡಿ, ಆಮೇಲೆ ಅದೇ ಅಳತೆ ಅದೇ ಬಣ್ಣ ಸಿಗಲ್ಲ.

4. ಗೋಡೆ

ಜಂಬಿಟ್ಟಿಗೆ ಕಲ್ಲು ಹತ್ರದಲ್ಲೇ ಸಿಗೋದಾದ್ರೆ ಅದನ್ನೇ ತಗೊಳ್ಳಿ. ಈಗಷ್ಟೇ ಕಡಿದ ಕಲ್ಲು ಮೆತ್ತಗಿರತ್ತೆ, ಗಾಳಿಗಿಟ್ಟಷ್ಟೂ ಗಟ್ಟಿ ಆಗತ್ತೆ, ಬಿಳಿ ಜೇಡಿ ತುಂಬಿರೋದು ಮಾತ್ರ ಬೇಡ. ಪೂರ್ವದ ಕಡೆ ಪ್ಲಾಸ್ಟರ್ ಇಲ್ದೆ ಹಾಗೇ ಬಿಡಿ, ಮನೇನೂ ಧರೇನೂ ಒಂದೇ ಬಣ್ಣ. ಮಳೆ-ಗಾಳಿ ಹೊಡಿಯೋದು ಪಶ್ಚಿಮದಿಂದ, ಆ ಕಡೆ ಗೋಡೆ ಹಾಗೆ ಬಿಟ್ರೆ ಕಲ್ಲು ನೀರು ಕುಡಿದು ಒಳಗೆ ಬೂಷ್ಟು ಹಿಡಿಯತ್ತೆ. ಹಿಂದೆ ಮಳೆಗಾಲಕ್ಕೆ ಅಡಿಕೆ ಸೋಗೆ ತಟ್ಟಿ ಕಟ್ತಿದ್ದಿದ್ದು ಅದಕ್ಕೇ. ಈಗ ಆ ಕಡೆ ಬಚ್ಚಲು, ಸ್ಟೋರು, ಸೌದೆ ಕೊಟ್ಟಿಗೆ ಸಾಲಾಗಿ ಇಟ್ಬಿಡಿ, ಇರಚಲು ಅವೇ ತಡ್ಕೊಳ್ತವೆ, ಮಲಗೋ ರೂಮು ಬೆಚ್ಚಗಿರತ್ತೆ.

5. ಬಟ್ಟೆ ಎಲ್ಲಿ ಒಣಗತ್ತೆ?

ಪ್ಲಾನ್ ನೋಡ್ತಾ ಈ ಪ್ರಶ್ನೆ ಯಾರೂ ಕೇಳಲ್ಲ, ಕೇಳೋದು ಜೂನ್‌ನಲ್ಲಿ. ನೀರು ಕಾಯಿಸೋ ಸೋಲಾರ್ ಮಳೆಗಾಲದಲ್ಲಿ ಕೈ ಕೊಡತ್ತೆ, ಬಚ್ಚಲಲ್ಲಿ ಹಂಡೆ ಒಲೆ ಇಟ್ಟು ಅದರ ಪಕ್ಕದಲ್ಲೇ ತಂತಿ ಕಟ್ಟೋ ಜಾಗ ಬಿಡಿ. ಅಡಿಕೆ ಇರೋರಾದ್ರೆ ಅದನ್ನ ಒಣಗಿಸೋಕೆ ಬಿಸಿಲು ಬೀಳೋ ಅಂಗಳ ಮೊದ್ಲೇ ಗುರುತಿಡಿ, ಕಾರ್ ಪಾರ್ಕಿಂಗ್ ಅದನ್ನ ತಿನ್ನದೆ ಇರ್ಲಿ. ಉದ್ದದ ಜಗಲಿ ಒಂದು ಬೇಕೇ ಬೇಕು.

6. ಹೊರಗಡೆ

ಸೂರಿನ ನೀರು ಬೀಳೋ ಗೆರೆಗೆ ಸರಿಯಾಗಿ ಜಲ್ಲಿ ತುಂಬಿದ ಕಾಲುವೆ ಮಾಡಿ ಬಾವಿ ಹತ್ರದ ಇಂಗುಗುಂಡಿಗೆ ಬಿಡಿ, ಧರೆ ಅಂಚಿಗೆ ಮಾತ್ರ ಬಿಡ್ಬೇಡಿ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸೋ ಚಾಳಿ ಬಂದಿದೆ, ಪಾಚಿ ಕಟ್ಟಿದ್ಮೇಲೆ ಅಜ್ಜ ಜಾರಿ ಬೀಳೋದು ಅಲ್ಲೇ. ಧರೆಗೆ ಲಾವಂಚ ನೆಡಿ, ಅದರ ಬೇರು ಆಳಕ್ಕಿಳಿದು ಮಣ್ಣು ಹಿಡಿಯತ್ತೆ, ನೆಡೋದು ಮೊದಲ ಮಳೆ ಬಿದ್ದ ಕೂಡ್ಲೇ, ಗೃಹಪ್ರವೇಶದ ತನಕ ಕಾಯ್ಬೇಡಿ.