ರಾಕು ಭಾಷೆಯಲ್ಲಿ ಮಾಡ್ಯೂಲ್‌ನ ಆವೃತ್ತಿಯನ್ನೂ ಕರ್ತೃವನ್ನೂ ನಮೂದಿಸುವ ಬಗೆ

2019ರವರೆಗೆ ಪರ್ಲ್ 6 ಎಂದು ಕರೆಯಲಾಗುತ್ತಿದ್ದ ರಾಕು ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡ್ಯೂಲ್‌ನ, ಅಂದರೆ ಬೇರೆ ಪ್ರೋಗ್ರಾಮ್‌ಗಳಲ್ಲಿ ಮತ್ತೆ ಬಳಸಬಹುದಾದ ಸಂಕೇತದ ತುಣುಕಿನ, ಗುರುತು ಬರಿಯ ಹೆಸರಿನಿಂದ ಪೂರ್ಣವಾಗುವುದಿಲ್ಲ. ಆವೃತ್ತಿಯನ್ನು ಹೇಳುವ ‘ವರ್’, ಕರ್ತೃವನ್ನು ಹೇಳುವ ‘ಆಥ್’, ಬಳಕೆಯ ಒಪ್ಪಂದವನ್ನು ಹೇಳುವ ‘ಎಪಿಐ’ ಎಂಬ ಗುಣಗಳೂ ಅದರೊಂದಿಗೆ ಸೇರುತ್ತವೆ. ಆದ್ದರಿಂದ ಇಬ್ಬರು ಬೇರೆ ಬೇರೆಯಾಗಿ ಬರೆದ ಒಂದೇ ಹೆಸರಿನ ಮಾಡ್ಯೂಲ್‌ಗಳೂ, ಒಂದೇ ಮಾಡ್ಯೂಲ್‌ನ ಹಲವು ಆವೃತ್ತಿಗಳೂ ಒಂದೇ ಗಣಕದಲ್ಲಿ ಅಕ್ಕಪಕ್ಕ ಇರಬಲ್ಲವು.

ಪ್ರಕಟಿಸುವವರು ಈ ವಿವರಗಳನ್ನು ‘ಮೆಟಾ6’ ಎಂಬ ಜೇಸನ್ (ದತ್ತಾಂಶವನ್ನು ಪಠ್ಯವಾಗಿ ಬರೆದಿಡುವ ಒಂದು ವಿನ್ಯಾಸ) ಕಡತದಲ್ಲಿ ಬರೆಯಬೇಕು. ಕರ್ತೃವಿನ ಜಾಗದಲ್ಲಿ ಬರಿಯ ಹೆಸರು ಸಾಲದು: ಖಾತೆ ಯಾವ ವ್ಯವಸ್ಥೆಯದು ಎಂಬುದನ್ನು ಮೊದಲು ಬರೆದು, ಕೋಲನ್ ಹಾಕಿ, ಬಳಿಕ ಖಾತೆಯ ಹೆಸರನ್ನು ಬರೆಯುವುದು ರೂಢಿ. ಒಮ್ಮೆ ಹೊರಬಿಟ್ಟ ಆವೃತ್ತಿಯನ್ನು ತಿದ್ದಬೇಡಿ. ಸಣ್ಣ ದೋಷವಾದರೂ ಹೊಸ ಸಂಖ್ಯೆ ಕೊಡಿ.

ಬಳಸುವವರು, ಮಾಡ್ಯೂಲನ್ನು ಕರೆತರುವ ‘ಯೂಸ್’ ಸಾಲಿನಲ್ಲಿ ಅದರ ಹೆಸರಿನ ಬೆನ್ನಿಗೇ ಈ ಗುಣಗಳನ್ನು, ಅವುಗಳ ಮೌಲ್ಯವನ್ನು ಕೋನಾವರಣದೊಳಗೆ ಇಟ್ಟು, ಸೇರಿಸುತ್ತಾರೆ. ಸಂಖ್ಯೆಯ ಕೊನೆಗೆ ಅಧಿಕ ಚಿಹ್ನೆ ಇಟ್ಟು 1.2+ ಎಂದರೆ ಅದು ಅಥವಾ ಅದರ ಮುಂದಿನ ಯಾವ ಆವೃತ್ತಿಯಾದರೂ ಸರಿ ಎಂದರ್ಥ, 1.* ಎಂದರೆ 1ರ ಸರಣಿಯೊಳಗಿನದು ಮಾತ್ರ. ಅಧಿಕ ಚಿಹ್ನೆ ನೋಡಲು ಅನುಕೂಲಕರವಾಗಿದ್ದರೂ, ಎಲ್ಲವನ್ನೂ ಬದಲಿಸಿರಬಹುದಾದ 2.0 ಆವೃತ್ತಿಯನ್ನೂ ಅದು ಒಳಬಿಡುವುದರಿಂದ, ದೀರ್ಘಕಾಲ ಉಳಿಯಬೇಕಾದ ಪ್ರೋಗ್ರಾಮ್‌ಗಳಲ್ಲಿ ನಕ್ಷತ್ರ ಚಿಹ್ನೆಯನ್ನೇ ಆರಿಸುವುದು ಲೇಸೆಂದು ನನ್ನ ಅಭಿಪ್ರಾಯ. ಕರ್ತೃವನ್ನು ನಮೂದಿಸುವುದನ್ನು ಹಲವರು ಮರೆಯುತ್ತಾರೆ. ಆಗ ಅದೇ ಹೆಸರಿನ, ಹೆಚ್ಚಿನ ಆವೃತ್ತಿ ಸಂಖ್ಯೆಯುಳ್ಳ ಅನ್ಯರ ಮಾಡ್ಯೂಲ್ ಸದ್ದಿಲ್ಲದೆ ಆ ಸ್ಥಾನಕ್ಕೆ ಬರಬಹುದು.